ಹಗ್ಗ ಹಿಡಿದವರು

ಎತ್ತರವನ್ನು ಕಂಡೊಡನೆ ಏರಬೇಕೆಂಬ ಆಸೆ ಹುಟ್ಟುವುದು ಎಳೆಯರಿಗೆ ಸಹಜ. ಆದರೆ ‘ಗುರುವಿನ ನೆರವಿನಿಂದ ಏರಿದರೆ ಅದೆಂತಹ ಸಾಹಸ?’ ಎಂದು ಕೇಳುವವರೂ ಉಂಟು. ಸವಣೂರಿನ ಅಡಿಕೆ ತೋಟಗಳಲ್ಲಿ ಕಾಲಿಗೆ ತಳೆ ಹಾಕಿ ಮರವೇರುವವರನ್ನು ಕಂಡ ನಾನು ಈ ಮಾತನ್ನು ಒಪ್ಪಲಾರೆ. ಆ ವಿದ್ಯೆಯೂ ನುರಿತ ಹಿರಿಯರ ಕಣ್ಣೆದುರಿನಲ್ಲಿ ಕಲಿಯತಕ್ಕದ್ದು. ಶಿಲಾರೋಹಣದಲ್ಲಂತೂ ಇದು ಇನ್ನಷ್ಟು ಸತ್ಯ.

ಮಾಗಡಿಯ ಬಳಿಯ ಸಾವನದುರ್ಗವನ್ನೇ ನೋಡಿರಿ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರವಿರುವ ಈ ಬೆಟ್ಟದ ನುಣುಪಾದ ಕಗ್ಗಲ್ಲಿನ ಮೇಲೆ ನೂರಾರು ಮೀಟರ್ ಉದ್ದದ ಏರುದಾರಿಗಳಿವೆ. ಆರೋಹಿಗಳ ಹಗ್ಗವಾದರೋ ಸಾಮಾನ್ಯವಾಗಿ 60 ಮೀಟರ್ ಉದ್ದದ್ದು. ಆದುದರಿಂದ ಹಗ್ಗದ ಅಳತೆಗೆ ತಕ್ಕಂತೆ ಹಂತಹಂತವಾಗಿ ಏರಬೇಕಾಗುತ್ತದೆ. ಇಂತಹ ಒಂದೊಂದು ಹಂತಕ್ಕೂ ‘ಪಿಚ್’ ಎಂದು ಹೆಸರು.

ಇಬ್ಬರು ಒಂದೇ ಹಗ್ಗದ ಎರಡು ತುದಿಗಳಿಗೆ ತಮ್ಮನ್ನು ಕಟ್ಟಿಕೊಳ್ಳುತ್ತಾರೆ. ಬಂಡೆಯಲ್ಲಿ ಕೊರೆದು ನೆಟ್ಟ ಬೋಲ್ಟುಗಳಿಗೆ ಕೊಂಡಿ ಹಾಕಿ, ಅದರಲ್ಲಿ ಹಗ್ಗವನ್ನು ಸಿಕ್ಕಿಸುತ್ತ ಮುಂದಾಳು ಏರುತ್ತಾನೆ. ಕೆಳಗಿನವನು ಬೇಕಾದಷ್ಟೇ ಹಗ್ಗವನ್ನು ಬಿಡುತ್ತಾನೆ. ಕೊನೆಯ ಬೋಲ್ಟಿನಿಂದ 3 ಮೀಟರ್ ಮೇಲೇರಿದ ಮುಂದಾಳು ಜಾರಿದನೆಂದರೆ ಕಡಮೆಯೆಂದರೂ 6 ಮೀಟರ್ ಬೀಳುತ್ತಾನೆ. ಆಗ ಅವನ ಪ್ರಾಣ ಹಗ್ಗ ಹಿಡಿದವನ ಕೈಯಲ್ಲಿ. ಹಂತ ಮುಗಿದ ಬಳಿಕ ಮುಂದಾಳು ತನ್ನನ್ನು ಬಂಡೆಗೆ ಭದ್ರವಾಗಿ ಬಿಗಿದುಕೊಂಡು, ಹಗ್ಗವನ್ನು ಸೆಳೆದುಕೊಳ್ಳುತ್ತ, ಏರಿ ಬರುವ ಸಂಗಡಿಗನನ್ನು ಕಾಯುತ್ತಾನೆ. ಹೀಗೆ ಏರುವ ಕೆಲಸದಷ್ಟೇ ಕಾಯುವ ಕೆಲಸವೂ ಇಬ್ಬರಿಗೂ ಸೇರಿದ್ದು.

1953ರಲ್ಲಿ ಎವರೆಸ್ಟಿನ ಹಾದಿಯಲ್ಲಿ ಹಿಮದ ಬಿರುಕಿನೊಳಕ್ಕೆ ಬಿದ್ದ ಹಿಲರಿಯನ್ನು ತೇನ್‌ಸಿಂಗ್ ಹಗ್ಗವನ್ನು ಬಿಗಿಹಿಡಿದು ಉಳಿಸಿದರು. ಕೆಲವು ವಾರಗಳ ಅನಂತರ, ಮೇ 29ರಂದು, ಅವರಿಬ್ಬರೂ ಶಿಖರದ ಮೇಲೆ ನಿಂತರು. ಶಿಖರವನ್ನು ಲೋಕವು ಕೊಂಡಾಡಿತು; ಆದರೆ ಆ ಹಗ್ಗದ ಹಿಡಿತ ಸಡಿಲವಾಗಿದ್ದರೆ ಶಿಖರವೆಲ್ಲಿ?

ಗುರುವನ್ನು ನೆಚ್ಚಿದವನು ಪರಾವಲಂಬಿಯಾಗುವನೆಂಬ ಶಂಕೆಯಲ್ಲಿ ಸ್ವಲ್ಪ ನಿಜಾಂಶವಿದೆ. ಶಿಷ್ಯನನ್ನು ಮೇಲಕ್ಕೆ ಎಳೆದುಕೊಳ್ಳುವುದಷ್ಟೇ ಗುರುವಿನ ಕೆಲಸವಾದರೆ ಶಿಷ್ಯನು ಬರಿಯ ಹೊರೆ. ಒಳ್ಳೆಯ ಮಾರ್ಗದರ್ಶಕನು ಗಂಟು ಹಾಕುವುದನ್ನೂ ಹಗ್ಗ ಹಿಡಿಯುವುದನ್ನೂ ನೆಲದ ಮೇಲೆಯೇ ಕಲಿಸುತ್ತಾನೆ. ಮಳೆಯ ಮೋಡ ಕವಿದಾಗ ಹಿಂದಿರುಗುವ ವಿವೇಕವನ್ನೂ ಕಲಿಸುತ್ತಾನೆ. ಏರುವ ಮುನ್ನ ತನ್ನ ಗಂಟನ್ನು ಪರೀಕ್ಷಿಸೆಂದು ಶಿಷ್ಯನಿಗೇ ಹೇಳುತ್ತಾನೆ. ಗುರುವಿನ ಗಂಟನ್ನು ಶಿಷ್ಯನು ಪರೀಕ್ಷಿಸುವುದು ಇಲ್ಲಿ ಅವಿನಯವಲ್ಲ, ಕರ್ತವ್ಯ. ಹೀಗೆ ಕಲಿತವನು ಮುಂದೆ ತಾನೇ ಮುಂದಾಳಾಗಬಲ್ಲನು.

ನಮ್ಮ ರಾಜ್ಯದಲ್ಲಿ ಇಂತಹ ಶಿಕ್ಷಣಕ್ಕೆ ಅವಕಾಶವಿಲ್ಲದಿಲ್ಲ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಬಾದಾಮಿಯ ಕೆಂಗಲ್ಲಿನ ಬಂಡೆಗಳಲ್ಲಿ ಶಿಲಾರೋಹಣವನ್ನು ಕಲಿಸುತ್ತ ಬಂದಿದೆ. ಏರುವ ಹಂಬಲವುಳ್ಳ ಬಾಲಕ ಬಾಲಿಕೆಯರು ಮೊದಲು ಹಗ್ಗ ಹಿಡಿಯುವುದನ್ನು ಕಲಿಯಲಿ. ಮತ್ತೊಬ್ಬರ ಪ್ರಾಣವನ್ನು ಕಾಯಬಲ್ಲ ಕೈಗಳಿಗೇ ಬಂಡೆಯನ್ನು ಏರುವ ಅಧಿಕಾರ.