ಎಳ್ಳಿನ ಕೊಂಬಿನ ಹುಳು, ಮೂಲಂಗಿಯ ಕರಿ ಹುಳು: ಎರಡಕ್ಕೂ ಒಂದೇ ಔಷಧಿ ಸಾಕೇ?

ಮಳೆಗಾಲದಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ಎಳ್ಳಿನ ಹೊಲಗಳಲ್ಲಿ ಬೆರಳು ಗಾತ್ರದ, ಬಾಲದ ತುದಿಯಲ್ಲಿ ಕೊಂಬಿರುವ ಹುಳು ಕಾಣಿಸುವುದುಂಟು. ಚಳಿಗಾಲದಲ್ಲಿ ಮೂಲಂಗಿ, ಸಾಸಿವೆ ಎಲೆಗಳನ್ನು ಸಣ್ಣ ಕರಿ ಹುಳುಗಳು ತೂತು ತೂತು ಮಾಡುತ್ತವೆ. ಎರಡನ್ನೂ ನಾವು ‘ಕೀಡೆ’ ಎಂದೇ ಕರೆಯುತ್ತೇವೆ. ಆದರೆ ಇವೆರಡರ ಕುಲವೇ ಬೇರೆ.

ಕೊಂಬು ಚುಚ್ಚುತ್ತದೆಯೇ?

ಇಲ್ಲ. ಕೊಂಬಿನ ಹುಳು ಬೆಳೆದು ತಲೆಬುರುಡೆ ಪತಂಗವಾಗುತ್ತದೆ. ಕೊಂಬಿನಲ್ಲಿ ಮುಳ್ಳೂ ಇಲ್ಲ, ವಿಷವೂ ಇಲ್ಲ. ಪತಂಗದ ಬೆನ್ನ ಮೇಲೆ ಬುರುಡೆಯಂಥ ಗುರುತಿದ್ದು, ಹಿಡಿದರೆ ಕೀಚ್ ಎನ್ನುತ್ತದೆ. ಅದಕ್ಕೇ ಹಲವು ದೇಶಗಳಲ್ಲಿ ಇದನ್ನು ಸಾವಿನ ಶಕುನ ಎಂದು ನಂಬಿದರು. ಇದರ ವೈಜ್ಞಾನಿಕ ಹೆಸರು ‘ಅಕೆರೊಂಟಿಯಾ ಸ್ಟಿಕ್ಸ್’ ಕೂಡ ಗ್ರೀಕ್ ಪುರಾಣದ ಪಾತಾಳದ ನದಿಗಳಿಂದ ಬಂದದ್ದು. ನಿಜಕ್ಕೂ ಇದು ಮಾಡುವ ಕಳ್ಳತನವೆಂದರೆ ಜೇನುಗೂಡಿಗೆ ನುಗ್ಗಿ ಜೇನು ಹೀರುವುದಷ್ಟೇ.

ಗರಗಸ ನೊಣ ನೊಣವೇ?

ಅದೂ ಅಲ್ಲ. ಮೂಲಂಗಿಯ ಕರಿ ಹುಳು ಸಾಸಿವೆ ಗರಗಸ ನೊಣದ ಮರಿ. ಇದು ಕಣಜ, ಜೇನು, ಇರುವೆಗಳ ಬಳಗಕ್ಕೆ ಸೇರಿದ್ದು. ಹೆಣ್ಣು ತನ್ನ ಹಿಂಬದಿಯ ಗರಗಸದಂಥ ಅಂಗದಿಂದ ಎಲೆಯಂಚನ್ನು ಸೀಳಿ ಒಳಗೆ ಮೊಟ್ಟೆ ಇಡುತ್ತದೆ. ಆ ಗರಗಸ ಎಲೆ ಕೊಯ್ಯಲಿಕ್ಕೆ, ಮನುಷ್ಯರನ್ನು ಕುಟುಕಲಿಕ್ಕಲ್ಲ. ಮರಿಯನ್ನು ಮುಟ್ಟಿದರೆ ಸುರುಳಿ ಸುತ್ತಿ, ಸತ್ತಂತೆ ನೆಲಕ್ಕೆ ಬೀಳುತ್ತದೆ.

ಗುರುತಿಸುವುದು ಹೇಗೆ?

ಕಾಲು ಎಣಿಸಿ. ಎದೆಯ ಮೂರು ಜೋಡಿ ಕಾಲು ಎರಡಕ್ಕೂ ಇವೆ. ಅವುಗಳ ಹಿಂದೆ, ಹೊಟ್ಟೆಯಡಿಯ ಮೆತ್ತನೆಯ ಹುಸಿಗಾಲುಗಳನ್ನು ನೋಡಿ. ಪತಂಗದ ಮರಿಗಳಲ್ಲಿ ಅವು ಹೆಚ್ಚೆಂದರೆ ಐದು ಜೋಡಿ. ಸಾಸಿವೆ ಗರಗಸ ನೊಣದ ಮರಿಯಲ್ಲಿ ಎಂಟು ಜೋಡಿ.

ಇದರಿಂದ ರೈತರಿಗೇನು?

ಕೀಡೆಗೆಂದು ಮಾರುವ ಸಾಮಾನ್ಯ ಬಿಟಿ ಜೈವಿಕ ಔಷಧಿ ಕೆಲಸ ಮಾಡುವುದು ಪತಂಗ, ಚಿಟ್ಟೆಗಳ ಮರಿಗಳ ಮೇಲೆ. ಅದನ್ನು ತಿಂದ ಮರಿಯ ಕರುಳು ಹಾಳಾಗುತ್ತದೆ. ಗರಗಸ ನೊಣದ ಮರಿಗೆ ಅದು ನಾಟುವುದಿಲ್ಲ. ಎಣಿಸದೆ ಹೊಡೆದರೆ ದುಡ್ಡೂ ಹೋಯಿತು, ಮೂಲಂಗಿಯೂ ಹೋಯಿತು. ‘ಔಷಧಿಯೇ ನಕಲಿ’ ಎಂದು ಇನ್ನಷ್ಟು ಕಟುವಾದ ವಿಷ ತರುವುದು ಆಮೇಲಿನ ತಪ್ಪು.

ಹುಳು ಕಡಿಮೆಯಿದ್ದರೆ ಎರಡನ್ನೂ ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕಬಹುದು. ಎರಡೂ ಕೋಶವಾಗುವುದು ಮಣ್ಣಿನಲ್ಲೇ. ಹಾಗಾಗಿ ಮಾಗಿ ಉಳುಮೆ ಮಾಡಿದರೆ ಕೋಶಗಳು ಮೇಲೆ ಬಂದು ಬಿಸಿಲಿಗೆ, ಹಕ್ಕಿಗಳಿಗೆ ಸಿಗುತ್ತವೆ. ಔಷಧಿ ಬೇಕೇ ಬೇಕೆನಿಸಿದರೆ ಒಂದು ಹುಳುವನ್ನು ಡಬ್ಬಿಯಲ್ಲಿ ಹಾಕಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ತೋರಿಸಿ ಕೇಳುವುದು ಒಳ್ಳೆಯದು.