"ಅಪ್ಪಾಜಿ ಇರೂತನಕ ಬ್ಯಾಡ್ರಿ"

ಕಳೆದ ಬಸವ ಜಯಂತಿಯ ದಿನ ನಮ್ಮೂರ ಮಠದಲ್ಲಿ ಉಪನ್ಯಾಸ ಮುಗಿದು ದಾಸೋಹಕ್ಕೆ ಪಂಕ್ತಿ ಕೂತಾಗ ಒಬ್ಬ ತರುಣ ನನ್ನ ಪಕ್ಕ ಬಂದು ಕುಳಿತ. ವಯಸ್ಸು ಇಪ್ಪತ್ತೇಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ತಗ್ಗಿದ ದನಿಯಲ್ಲಿ ಹೇಳಿದ: "ಸರ್, ನೀವು ಹೇಳಿದ್ದೆಲ್ಲಾ ನನಗ ಒಪ್ಪಿಗಿ ಐತ್ರಿ. ಜಾತಕ ಬ್ಯಾಡ, ವರದಕ್ಷಿಣೆ ಬ್ಯಾಡ, ಪಂಗಡ ನೋಡೂದು ಬ್ಯಾಡ. ನನ್ನ ಮನಸ್ಸಿಗೆ ಬಂದ ಹುಡುಗಿನೂ ಲಿಂಗಾಯತರಾಕಿನ. ಆದ್ರ ಪಂಗಡ ಬ್ಯಾರೆ. ಅಪ್ಪಾಜಿ ಇರೂತನಕ ಈ ಮಾತು ಎತ್ತೂದು ಬ್ಯಾಡ ಅನಸ್ತೈತ್ರಿ."

ಅವನ ಅಪ್ಪಾಜಿ ಯಾರೆಂದು ನನಗೆ ಗೊತ್ತು. ಅದೇ ಸಭೆಯ ಮೊದಲ ಸಾಲಿನಲ್ಲಿ ಕುಳಿತು, ಶರಣರಲ್ಲಿ ಜಾತಿಭೇದವಿಲ್ಲ ಎಂದು ನಾನು ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ.

ಈ ಅಪ್ಪ-ಮಗನ ನಡುವೆ ಇರುವ ಎರಡು ಮಾರಿನ ದೂರದಲ್ಲಿಯೇ ನಮ್ಮ ಸಮಾಜ ಸುಧಾರಣೆ ಸಿಕ್ಕಿಹಾಕಿಕೊಂಡಿದೆ ಎಂಬುದು ನನ್ನ ದೂರು. 2017ರಲ್ಲಿ ಬೀದರಿನಲ್ಲಿ, ಬೆಳಗಾವಿಯಲ್ಲಿ ಲಿಂಗಾಯತ ಸ್ವತಂತ್ರ ಧರ್ಮವೆಂದು ಬೀದಿಗಿಳಿದೆವು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ ಸಿಹಿ ಹಂಚಿದೆವು. ಆದರೆ ಮನೆಯಲ್ಲಿ ಮದುವೆಯ ಮಾತು ಬಂದ ಕೂಡಲೇ ಪಂಚಾಂಗ ಹುಡುಕುತ್ತೇವೆ. ಬಣಜಿಗರೋ, ಪಂಚಮಸಾಲಿಯೋ, ಸಾದರೋ, ಗಾಣಿಗರೋ, ಹಡಪದರೋ ಎಂದು ವಿಚಾರಿಸುತ್ತೇವೆ. ಲಗ್ನಪತ್ರಿಕೆಯ ಮೇಲ್ಭಾಗದಲ್ಲಿ ಬಸವಣ್ಣನವರ ಚಿತ್ರ, ಅದರ ಕೆಳಗೇ ಶುಭಮುಹೂರ್ತದ ಗಳಿಗೆ! ಬೀದಿಯಲ್ಲಿ ಸ್ವತಂತ್ರ ಧರ್ಮ ಕೇಳುವ ನಮಗೆ ಮನೆಯೊಳಗೆ ಸ್ವತಂತ್ರರಾಗುವ ಧೈರ್ಯ ಬೇಡವೇ?

ಮೊದಲು ತರುಣರಿಗೆ ಒಂದು ಮಾತು. ಈಗ ಬೇಡ, ಆಮೇಲೆ ನೋಡೋಣ ಎಂದು ನೀವು ಸುಮ್ಮನಿದ್ದರೆ ನಿರ್ಧಾರ ನಿಲ್ಲುವುದಿಲ್ಲ. ನಿಮ್ಮ ಪರವಾಗಿ ಬೇರೆಯವರು ಅದನ್ನು ಮಾಡಿಬಿಡುತ್ತಾರೆ. ನಾನು ಜೀವಮಾನವೆಲ್ಲ ಕಾಂಕ್ರೀಟಿನ ಜೊತೆ ಕಳೆದವನು. ನೀರು ಬಿದ್ದ ಸಾಧಾರಣ ಸಿಮೆಂಟು 30 ನಿಮಿಷಕ್ಕೆ ಮುಂಚೆ ಬಿಗಿಯಲು ಶುರುವಾಗಬಾರದು, 600 ನಿಮಿಷದೊಳಗೆ ಬಿಗಿದು ಮುಗಿಯಬೇಕು ಎಂಬುದು ನಮ್ಮ ಮಾನಕ. ಕಲಸಬೇಕಾದ್ದು, ಸಾಗಿಸಬೇಕಾದ್ದು, ಅಚ್ಚಿಗೆ ಸುರಿದು ಒತ್ತಬೇಕಾದ್ದು ಎಲ್ಲವೂ ಅದು ಬಿಗಿಯಲು ತೊಡಗುವ ಮೊದಲೇ ಆಗಬೇಕು. ತಡವಾಯಿತೆಂದು ಮತ್ತೆ ನೀರು ಸುರಿದು ಕಲಸಿದರೆ ಮೆತ್ತಗೇನೋ ಆಗುತ್ತದೆ, ಆದರೆ ಬಲ ಹೋಗುತ್ತದೆ. ಇಪ್ಪತ್ತರಿಂದ ಮೂವತ್ತರವರೆಗಿನ ವಯಸ್ಸು ಅಂಥದ್ದು. ಯಾವ ಕಾಯಕ, ಯಾರ ಜೊತೆ ಬಾಳು, ಮನೆಯಲ್ಲಿ ಯಾವ ಆಚರಣೆ, ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ ಎಂಬುದೆಲ್ಲ ಆ ಹತ್ತು ವರ್ಷಗಳಲ್ಲಿ ಅಚ್ಚಿಗೆ ಬೀಳುತ್ತದೆ.

ನಮ್ಮ ಪರಂಪರೆ ಕಾದು ಕುಳಿತವರದಲ್ಲ. ಬಸವಣ್ಣನವರ ಬಾಲ್ಯದ ವಿವರಗಳು ಕಾವ್ಯ ಪುರಾಣಗಳಲ್ಲಿ ಬೇರೆ ಬೇರೆ ರೀತಿ ಇದ್ದರೂ, ಅವರು ಎಳೆಯ ವಯಸ್ಸಿನಲ್ಲೇ ಜನಿವಾರದ ದಾರಿಯನ್ನು ತೊರೆದು ಬಾಗೇವಾಡಿಯ ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದರೆಂಬುದು ನಮಗೆಲ್ಲ ತಿಳಿದ ಕಥೆ. ಮನೆಯ ಹಿರಿಯರೆಲ್ಲ ಕಣ್ಮುಚ್ಚಿದ ಮೇಲೆ ನೋಡೋಣ ಎಂದು ಅವರು ಕೂತಿದ್ದರೆ ಕಲ್ಯಾಣವೂ ಇಲ್ಲ, ಅನುಭವ ಮಂಟಪವೂ ಇಲ್ಲ. ಅಕ್ಕಮಹಾದೇವಿ ಉಡುತಡಿಯಿಂದ ಹೊರಟಾಗ ಎಳೆಯ ಹೆಣ್ಣುಮಗಳು. ದೊರೆ ಕೌಶಿಕನ ಅರಮನೆ ಬೇಡವೆಂದು ಬಂದವರನ್ನು ಮಂಟಪದಲ್ಲಿ ಅಲ್ಲಮಪ್ರಭುಗಳು ಕಟುವಾಗಿಯೇ ಪ್ರಶ್ನಿಸಿದರು. ಅವರು ಅಲ್ಲಿಯೂ ಹಿಂಜರಿಯಲಿಲ್ಲ.

ಅದು ಹನ್ನೆರಡನೆಯ ಶತಮಾನ, ಅವರೆಲ್ಲ ಮಹಾತ್ಮರು, ನಾವು ಸಾಮಾನ್ಯರು ಎನ್ನುತ್ತೀರಾ? ಹಾಗಾದರೆ ಹರ್ಡೇಕರ್ ಮಂಜಪ್ಪನವರನ್ನು ನೋಡಿ. ಬನವಾಸಿಯಲ್ಲಿ 1886ರಲ್ಲಿ ಹುಟ್ಟಿದವರು. ಶಾಲಾ ಮಾಸ್ತರಿಕೆ ಕೈಯಲ್ಲಿತ್ತು. ಅದನ್ನು ಬಿಟ್ಟು ದಾವಣಗೆರೆಗೆ ಬಂದು 1906ರಲ್ಲಿ 'ಧನುರ್ಧಾರಿ' ಪತ್ರಿಕೆ ಆರಂಭಿಸಿದಾಗ ಅವರ ವಯಸ್ಸು ಇಪ್ಪತ್ತು. 1913ರಲ್ಲಿ ಅದೇ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದಾಗ ಇಪ್ಪತ್ತೇಳು. ಇಂದು ನಾವು ಊರೂರಿನಲ್ಲಿ ಮೆರವಣಿಗೆ ತೆಗೆಯುವ ಹಬ್ಬದ ಹಿಂದೆ ಇಪ್ಪತ್ತೇಳು ವರ್ಷದ ಒಬ್ಬ ಹುಡುಗನ ಧೈರ್ಯವಿದೆ. ನನ್ನ ಪಕ್ಕ ಕೂತು ಪಿಸುಗುಟ್ಟಿದ ಹುಡುಗನ ವಯಸ್ಸೂ ಅಷ್ಟೇ.

ಹಿಂಜರಿಕೆಗೆ ಕಾರಣಗಳೇ ಇಲ್ಲವೆಂದು ನಾನು ಹೇಳಲಾರೆ. ಹಿರಿಯರ ಮನಸ್ಸು ನೋಯುತ್ತದೆ ಎನ್ನುತ್ತೀರಿ. ನೋಯಬಹುದು. ಆದರೆ ಅಪ್ಪನ ಮುಂದೆ ನಿಜ ಹೇಳದೆ ಅವನ ಸಾವಿನ ನಂತರಕ್ಕೆ ಬದುಕನ್ನು ಎತ್ತಿಡುವುದು ಯಾವ ಬಗೆಯ ಗೌರವ? ಯೋಚಿಸಿ ನೋಡಿ, ಅದರಲ್ಲಿ ಒಂದು ಕ್ರೌರ್ಯವೂ ಇದೆ. ತಂಗಿಯ ಮದುವೆಗೆ ಅಡ್ಡಿಯಾಗುತ್ತದೆ ಎನ್ನುತ್ತೀರಿ. ಇದು ಹಗುರವಾದ ಮಾತಲ್ಲ. ಹಳ್ಳಿಗಳಲ್ಲಿ ಇದರ ಪೆಟ್ಟು ನಿಜವಾಗಿಯೂ ಬೀಳುತ್ತದೆ. ಆದರೆ ಆ ತಂಗಿಯನ್ನು ಒಮ್ಮೆಯಾದರೂ ಕೇಳಿದ್ದೀರಾ? ಅವಳಿಗೂ ಅದೇ ಪಂಜರ ಕಾದಿರಬಹುದು. ಗಂಡಿಗೆ 21, ಹೆಣ್ಣಿಗೆ 18 ತುಂಬಿದರೆ ದೇಶದ ಕಾನೂನು ಅವರ ಸಹಿಯನ್ನು ನಂಬುತ್ತದೆ. ಹೆಣ್ಣಿಗೂ ಇಷ್ಟಲಿಂಗ ಕೊಟ್ಟು ಸಮಾನಳೆಂದ ಧರ್ಮದವರಾದ ನಾವು ನಂಬುವುದಿಲ್ಲ. ಇನ್ನು, ನನ್ನೊಬ್ಬನಿಂದ ಏನಾದೀತು ಎಂಬ ಮಾತಿಗೆ ಉತ್ತರವನ್ನೇ ಕೊಡಬೇಕಿಲ್ಲ. ಮದುವೆ ಎಂಬುದು ಒಬ್ಬೊಬ್ಬರದೇ ಆಗುವಂಥದ್ದು.

ಹಾಗಾದರೆ ಮಾಡಬೇಕಾದ್ದೇನು? ನನಗೆ ತಿಳಿದ ಮೂರು ಮಾತು ಹೇಳುತ್ತೇನೆ. ಒಂದು, ಬೇಗ ಹೇಳಿ. ಹುಡುಗಿ ಗೊತ್ತಾದ ಮೇಲೆ ಹೇಳಿದರೆ ಹಿರಿಯರಿಗೆ ಅದು ಹಟವಾಗಿ ಕೇಳಿಸುತ್ತದೆ. ಇಪ್ಪತ್ತೆರಡರಲ್ಲೇ, ಯಾರೂ ಮನಸ್ಸಿನಲ್ಲಿ ಇಲ್ಲದಾಗಲೇ, ನಾನು ಜಾತಕ ಕೊಡುವುದಿಲ್ಲ, ವರದಕ್ಷಿಣೆ ಮುಟ್ಟುವುದಿಲ್ಲ, ಪಂಗಡ ಕೇಳುವುದಿಲ್ಲ ಎಂದು ಹೇಳಿಟ್ಟರೆ ತತ್ವವಾಗಿ ಕೇಳಿಸುತ್ತದೆ. ಎರಡು, ನಿಮ್ಮ ದುಡಿಮೆಯ ಹಣದಲ್ಲಿ ಮದುವೆಯಾಗಿ. ಅಪ್ಪನ ದುಡ್ಡಿನಲ್ಲಿ ಸಾವಿರ ಜನರಿಗೆ ಊಟ ಹಾಕಿಸಿಕೊಂಡು ಅಪ್ಪನ ಮಾತು ಮೀರಲಾಗದು. ಮಠದಲ್ಲಿ ವಚನ ಮಾಂಗಲ್ಯಕ್ಕೆ ಎಷ್ಟು ಖರ್ಚು? ಎರಡು ಹಾರ, ನಾಲ್ಕು ವಚನ, ನೂರು ಜನರ ದಾಸೋಹ, ನೋಂದಣಿಯ ಒಂದು ಸಹಿ. ಮೂರು, ಒಬ್ಬರೇ ಹೋಗಬೇಡಿ. ಶರಣರು ಯಾರೂ ಒಂಟಿಯಾಗಿ ಬದಲಾಗಲಿಲ್ಲ. ಮಂಟಪ ಕಟ್ಟಿದ್ದೇ ಅದಕ್ಕಾಗಿ. ನಿಮ್ಮ ಪರ ನಿಂತು ಮಾತಾಡುವ ಒಬ್ಬ ಹಿರಿಯರನ್ನು ಹುಡುಕಿಕೊಳ್ಳಿ.

ಆ ಹುಡುಗನಿಗೆ ಇದನ್ನೇ ಹೇಳಿದೆ. ಅವನು ಕೂಡಲೇ, "ಹಂಗಾದ್ರ ನೀವ ಬರ್ರಿ ಸರ್" ಎಂದ. ನಾನೂ ಒಂದು ಕ್ಷಣ ತಡವರಿಸಿದೆ. ಬೇರೆಯವರ ಮನೆಯ ವಿಷಯ ನಮಗೇಕೆ ಎಂದು ಒಳಗೊಂದು ದನಿ ಎದ್ದಿತು. ಆದರೂ ಹೋದೆ.

ಅವನ ತಂದೆ ಪೂರ್ತಿ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಚಹಾ ಕೊಟ್ಟು ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಮದಿವ್ಯಾಗ ನೀವೇನ್ ಮಾಡಿದ್ರಿ ಸಾಹೇಬ್ರ?"

ಅವರಿಗೆ ಅಲ್ಲಿ ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುವುದು ನನ್ನ ಕರ್ತವ್ಯ. 1986ರಲ್ಲಿ ನನ್ನ ಮದುವೆಯಾಯಿತು. ಆಗ ಅಸಿಸ್ಟೆಂಟ್ ಇಂಜಿನಿಯರ್ ವರನಿಗೆ ಪೇಟೆಯಲ್ಲಿ ಒಂದು ದರವಿತ್ತು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೆಂಬ ಕಾನೂನು 1961ರಲ್ಲೇ ಬಂದಿತ್ತು. ನನಗೆ ಅದು ಗೊತ್ತಿತ್ತು. ಕಾಲೇಜಿನಲ್ಲಿ ವಚನ ಸ್ಪರ್ಧೆಯ ಬಹುಮಾನವನ್ನೂ ಪಡೆದಿದ್ದೆ. ಹಿರಿಯರು ಮಾತಾಡಿಕೊಂಡಿದ್ದಾರೆ, ನಡುವೆ ನಾನೇಕೆ ಬಾಯಿ ಹಾಕಲಿ ಎಂದು ಸುಮ್ಮನಿದ್ದೆ. ನನ್ನ ಮಾವನವರು ಎರಡು ಎಕರೆ ಎರೆಹೊಲ ಮಾರಿದರು. ಇವತ್ತಿಗೂ ಆ ದಾರಿಯಲ್ಲಿ ಬಸ್ಸು ಹೋದರೆ ನನ್ನ ಮನೆಯವರು ಕಿಟಕಿಯಿಂದ ಆ ಹೊಲವನ್ನು ನೋಡುತ್ತಾರೆ. ನಾನು ನೋಡುವುದಿಲ್ಲ. ಮಗಳ ಮದುವೆಯಲ್ಲಾದರೂ ಸರಿಯಾಗಿ ನಡೆದುಕೊಳ್ಳುತ್ತೇನೆ ಅಂದುಕೊಂಡಿದ್ದೆ. ಆ ಹೊತ್ತಿಗೆ ಬೀಗರ ಮನಸ್ಸು ನೋಯಬಾರದು ಎಂಬ ಹೊಸ ಕಾರಣ ಸಿಕ್ಕಿತು. ಇಪ್ಪತ್ತಾರರಲ್ಲಿ ಬಾಯಿ ಬಿಡದವನಿಗೆ ಐವತ್ತೈದರಲ್ಲಿಯೂ ಬಾಯಿ ಬರಲಿಲ್ಲ.

ಆದ್ದರಿಂದ ಹಿರಿಯ ಬಂಧುಗಳೇ, ನನ್ನ ಸಿಟ್ಟು ತರುಣರ ಮೇಲಿಗಿಂತ ನಮ್ಮ ಮೇಲೆಯೇ ಹೆಚ್ಚು. ಈ ಮಕ್ಕಳು ಹಿಂಜರಿಕೆಯನ್ನು ಎಲ್ಲಿ ಕಲಿತರು? ವೇದಿಕೆಯಲ್ಲಿ ಒಂದು, ಪಡಸಾಲೆಯಲ್ಲಿ ಒಂದು ಮಾತಾಡುವ ನಮ್ಮನ್ನು ನೋಡಿಯೇ ಕಲಿತರು. ಕಲ್ಯಾಣದ ಆ ಮದುವೆಯನ್ನು ಪ್ರತಿ ಭಾಷಣದಲ್ಲೂ ನೆನೆಯುತ್ತೇವೆ. ಹರಳಯ್ಯನವರ ಮಗ, ಮಧುವರಸರ ಮಗಳು. ಆದರೆ ಶಿಕ್ಷೆಗೆ ಕೊರಳೊಡ್ಡಿದವರು ಯಾರು? ಇಬ್ಬರು ಅಪ್ಪಂದಿರು. ಮಕ್ಕಳ ಮುಂದೆ ಗೋಡೆಯಾಗಿ ನಿಂತು ಪ್ರಾಣ ಕೊಟ್ಟರು. ನಾವೂ ಗೋಡೆಯಾಗಿದ್ದೇವೆ, ಮಕ್ಕಳಿಗೇ ಅಡ್ಡವಾಗಿ.

ಗಟ್ಟಿಯಾದ ಕಾಂಕ್ರೀಟು ಬದಲಾಗದು ಎಂಬ ನನ್ನ ಹೋಲಿಕೆಯ ಮರೆಯಲ್ಲಿ ಹಿರಿಯರು ಅಡಗಿಕೊಳ್ಳುವಂತಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿ, ಗುಡಿ ಕಟ್ಟಿ, ಸಾವಿರಾರು ಜನರಿಂದ ಗುರುವೆನಿಸಿಕೊಂಡ ಮೇಲೆ ಅಲ್ಲಮಪ್ರಭುಗಳು ಬಂದು ಅವರನ್ನು ಕೆಣಕಿದರು. ಅಷ್ಟು ಹೆಸರು ಮಾಡಿದವರು ಕಲ್ಯಾಣಕ್ಕೆ ಹೋಗಿ, ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರೆಂದು ನಮ್ಮ ಪರಂಪರೆ ಹೇಳುತ್ತದೆ. ಕಿರಿಯರಿಂದ ಕಲಿಯಲು ಅವರಿಗೆ ನಾಚಿಕೆಯಾಗಲಿಲ್ಲ.

ಆ ಮನೆಯ ಯಜಮಾನರು ಇನ್ನೂ ಒಪ್ಪಿಲ್ಲ. ಎರಡು ವಾರ ಮಗನ ಜೊತೆ ಮಾತು ಬಿಟ್ಟಿದ್ದರು. ಮೊನ್ನೆ ತಾವಾಗಿಯೇ ಫೋನು ಮಾಡಿ, ಹುಡುಗಿಯ ಊರು ಯಾವುದೆಂದು ಕೇಳಿದರಂತೆ. ಪಂಗಡ ಕೇಳಲಿಲ್ಲ. ಅಪ್ಪ-ಮಗ ಇಬ್ಬರ ಅನುಮತಿ ಪಡೆದೇ ಇದನ್ನು ಬರೆದಿದ್ದೇನೆ.

ಈ ಸಂಚಿಕೆ ಓದುವ ತರುಣರಲ್ಲಿ ನನ್ನ ಬೇಡಿಕೆ ಇಷ್ಟೇ: ಎತ್ತಬೇಕಾದ ಮಾತನ್ನು ಅಪ್ಪ ಇರುವಾಗಲೇ ಎತ್ತಿ. ಹಿರಿಯರಲ್ಲಿ ಬೇಡಿಕೆ: ಅವರು ಎತ್ತುವವರೆಗೆ ಕಾಯದೆ ನೀವೇ ಕೇಳಿ.