ಕೈಪಟ್ಟಿ ಕಟ್ಟಿಸಿಕೊಂಡ ಅತಿಥಿಗಳು

ಈ ಸಲದ ವಾರ್ಷಿಕ ಕೂಟವನ್ನು ಈಸ್ಟ್ ಕೋಸ್ಟ್ ರಸ್ತೆಯ ಕಡಲತೀರದ ರೆಸಾರ್ಟೊಂದರಲ್ಲಿ ನಡೆಸಬೇಕೆಂಬ ಸೂಚನೆ ಬಳಗದ ಕಳೆದ ಸಭೆಯಲ್ಲಿ ಬಂದಿತು. ಸೂಚನೆ ತಂದ ಹಿರಿಯರು ಅಮೆರಿಕದಲ್ಲಿರುವ ಮಗಳು ಅಳಿಯನೊಡನೆ ಜಮೈಕಾದ ಬೃಹತ್ ರೆಸಾರ್ಟೊಂದರಲ್ಲಿ ಒಂದು ವಾರ ಕಳೆದು ಆಗಷ್ಟೇ ಮರಳಿದ್ದರು. ಅವರು ತೋರಿಸಿದ ಚಿತ್ರಗಳಲ್ಲಿ ನೀಲಿ ನೀರಿತ್ತು, ಬಿಳಿ ಮರಳಿತ್ತು, ಎಳನೀರಿನ ಬುರುಡೆಗೆ ಸಿಕ್ಕಿಸಿದ ಕಾಗದದ ಕೊಡೆಯಿತ್ತು. ಎಲ್ಲ ಚಿತ್ರಗಳಲ್ಲಿಯೂ ಅವರ ಎಡಗೈಗೆ ಕಟ್ಟಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿಯಿತ್ತು. ಅಂಥ ಅನುಭವ ನಮ್ಮ ಸದಸ್ಯರಿಗೂ ಒಂದು ದಿನದ ಮಟ್ಟಿಗಾದರೂ ಒದಗಲಿ ಎಂಬುದು ಅವರ ಸದಾಶಯ. ಸಭೆ ತಲೆಯಾಡಿಸಿತು. ತಲೆಯಾಡಿಸದೆ ಉಳಿದ ನಾವು ಐದಾರು ಮಂದಿಗೆ, ನಿಮ್ಮ ವಿರೋಧವನ್ನು ಬರೆದು ಕೊಡಿ ಎಂಬ ಅಪ್ಪಣೆಯಾಯಿತು. ಬರೆದಿದ್ದೇವೆ.

ಮೊದಲು ಆ ಎರಡು ಮಾತುಗಳ ವಿಚಾರ. ಅತಿಥಿ ಎಂದರೆ ತಿಥಿ ಗೊತ್ತುಮಾಡದೆ ಬಂದವನು ಎಂದು ನಮ್ಮ ಹಿಂದಿನವರು ಬಿಡಿಸಿ ಹೇಳುತ್ತಿದ್ದರು. ರೆಸಾರ್ಟಿನ ಅತಿಥಿಗೆ ತಿಥಿಯಷ್ಟೇ ಅಲ್ಲ, ಗಳಿಗೆಯೂ ನಿಗದಿ: ಮಧ್ಯಾಹ್ನ ಎರಡಕ್ಕೆ ಒಳಗೆ, ಮರುದಿನ ಹನ್ನೊಂದಕ್ಕೆ ಹೊರಗೆ. ಇನ್ನು ‘ಅನುಭವ’. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆ ಪದಕ್ಕೆ ಇದ್ದ ತೂಕವನ್ನು ಕನ್ನಡಿಗರಿಗೆ ಬೇರೆಯಾಗಿ ಹೇಳಬೇಕಿಲ್ಲ. ಈಗ ಅದೇ ಪದ ‘ಗೆಸ್ಟ್ ಎಕ್ಸ್‌ಪೀರಿಯೆನ್ಸ್ ಮ್ಯಾನೇಜರ್’ ಎಂಬ ಹುದ್ದೆಯಾಗಿ ಎದೆಯ ಮೇಲೆ ಬಿಲ್ಲೆ ತೊಟ್ಟು ಬಾಗಿಲಲ್ಲಿ ನಿಂತಿದೆ. ನಮ್ಮಲ್ಲಿ ಕುಂದಾಪುರದ ಕಡೆಯವರೊಬ್ಬರಿದ್ದಾರೆ. ಅವರ ಅಜ್ಜಿಯ ಮನೆಯಲ್ಲಿ ದಾರಿಹೋಕನಿಗೂ ಮೊದಲು ‘ಆಸ್ರಿಗೆ ಬೇಕಾ’ ಎಂಬ ವಿಚಾರಣೆ, ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಹೆಸರು, ಊರು ಕೇಳುವುದು ಆಮೇಲೆ. ಆ ಕಾಲವನ್ನು ನಾವು ಸ್ವರ್ಗವೆಂದು ಹಾಡುತ್ತಿಲ್ಲ. ಚೊಂಬು ಯಾರಿಗೆ, ಯಾರಿಗೆ ತೆಂಗಿನ ಚಿಪ್ಪು ಎಂಬ ಲೆಕ್ಕ ಆ ಜಗುಲಿಯಲ್ಲೂ ಇತ್ತು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆ ಹುಟ್ಟಿದ್ದೂ ಅಂಥ ಮನೆಗಳಲ್ಲಿಯೇ. ಆದರೂ ಆ ಆತಿಥ್ಯದಲ್ಲಿ ಮನೆಯವರು ಯಾರೆಂದು ಬಂದವನಿಗೆ ಗೊತ್ತಿರುತ್ತಿತ್ತು. ನಾವು ಹೋಗಿಬಂದ ರೆಸಾರ್ಟಿನಲ್ಲಿ ಅದೊಂದೇ ತಿಳಿಯಲಿಲ್ಲ.

ಹೌದು, ನಾವೂ ಹೋಗಿದ್ದೇವೆ. ಎರಡು ವರ್ಷದ ಹಿಂದೆ ನಮ್ಮಲ್ಲೊಬ್ಬರ ಕಚೇರಿಯ ಕುಟುಂಬ ದಿನಾಚರಣೆಗೆ ಮುಟ್ಟುಕಾಡಿನ ಆಚೆಯ ತೀರಕ್ಕೆ ಬಸ್ಸಿನಲ್ಲಿ ಕರೆದೊಯ್ದರು. ಸ್ಥಳದ ಹೆಸರು ಇಲ್ಲಿ ಬೇಡ. ಅದು ಯಾವುದೋ ಒಂದರ ತಪ್ಪಲ್ಲ. ಬಾಗಿಲಲ್ಲಿ ಕೈಪಟ್ಟಿ ಕಟ್ಟಿದರು. ಊಟ ಚೆನ್ನಾಗಿತ್ತು, ಒಪ್ಪುತ್ತೇವೆ. ಮಧ್ಯಾಹ್ನ ಮೂರರ ಹೊತ್ತಿಗೆ ಕಡಲಂಚಿನಲ್ಲಿ ನಡೆದು ಬರುತ್ತಿದ್ದ ಮೀನಿನ ಬುಟ್ಟಿಯ ಹೆಂಗಸೊಬ್ಬಳು ನಮ್ಮ ಆರಾಮಕುರ್ಚಿಗಳ ಸಾಲಿನ ಮುಂದೆ ಹಾದಳು. ಕಾವಲುಗಾರ ಸೀಟಿ ಊದಿದ. ಆಕೆ ನಿಲ್ಲಲಿಲ್ಲ, ನೀರಿಗೆ ಇನ್ನೂ ಎರಡು ಹೆಜ್ಜೆ ಇಳಿದು, ಮೊಣಕಾಲಿನವರೆಗೆ ಸೀರೆ ನೆನೆಸಿಕೊಂಡು, ಅಲೆಯೊಳಗೇ ನಡೆದು ದಾಟಿದಳು. ಆಕೆಯ ಕೈಯಲ್ಲಿ ಪಟ್ಟಿಯಿರಲಿಲ್ಲ. ಅರ್ಧ ಗಂಟೆಯ ಬಳಿಕ ಅದೇ ಕಾವಲುಗಾರನನ್ನು ಮಾತಾಡಿಸಿದೆವು. ಪಕ್ಕದ ಕುಪ್ಪದವನೇ. ಆಕೆ ಅವನಿಗೆ ಚಿಕ್ಕಮ್ಮನ ವರಸೆ. ‘ಊದದಿದ್ದರೆ ಮೇಲಿನವರು ನೋಡುತ್ತಾರೆ ಸಾರ್, ನಾನು ಊದುತ್ತೇನೆಂದು ಅವಳಿಗೂ ಗೊತ್ತು’ ಎಂದ. ಅವನ ದನಿಯಲ್ಲಿ ದೂರೇನೂ ಇರಲಿಲ್ಲ. ಸಂಜೆ ಹೊರಡುವಾಗ ಕೈಗೊಂದು ಹಾಳೆ ಕೊಟ್ಟು ಅನುಭವಕ್ಕೆ ಎಷ್ಟು ನಕ್ಷತ್ರವೆಂದು ಕೇಳಿದರು. ನಮ್ಮಲ್ಲಿ ಇಬ್ಬರು ಐದು ಕೊಟ್ಟರು. ಆ ಇಬ್ಬರೂ ಈ ಬರಹಕ್ಕೆ ಸಹಿ ಹಾಕಿದ್ದಾರೆ.

ಮದರಾಸಿನ ಹಳಬರಿಗೆ ಇಂಜಂಬಾಕ್ಕಂನ ವಿ.ಜಿ.ಪಿ. ಗೋಲ್ಡನ್ ಬೀಚಿನ ‘ಪ್ರತಿಮೆ ಮನುಷ್ಯ’ ನೆನಪಿರುತ್ತಾನೆ. ಕಾವಲುಗಾರನ ಉಡುಪಿನಲ್ಲಿ ಗಂಟೆಗಟ್ಟಲೆ ಅಲುಗದೆ ನಿಲ್ಲುವುದೇ ಅವನ ಕೆಲಸ. ಅವನನ್ನು ನಗಿಸುವುದು ಬಂದವರ ಆಟ. ಮಕ್ಕಳಾಗಿದ್ದಾಗ ನಾವೂ ಅವನ ಮುಂದೆ ಕೋತಿಚೇಷ್ಟೆ ಮಾಡಿದವರೇ. ಈಗ ಯೋಚಿಸಿದರೆ, ಅತಿಥಿಗಳ ಎದುರು ಸ್ಥಳೀಯನಾದವನು ಹೇಗಿರಬೇಕೆಂಬ ಪಾಠವನ್ನು ಅಷ್ಟು ಪ್ರಾಮಾಣಿಕವಾಗಿ ಮತ್ತಾರೂ ತೋರಿಸಿಕೊಟ್ಟಿಲ್ಲವೆನಿಸುತ್ತದೆ.

ಮಿತ್ರರು ಕಂಡುಬಂದ ಜಮೈಕಾಕ್ಕೆ ಬರೋಣ. ಎಲ್ಲವೂ ಒಂದೇ ದರದೊಳಗೆ ಎಂಬ ಪದ್ಧತಿಯನ್ನು ಪ್ರಸಿದ್ಧಗೊಳಿಸಿದ್ದು 1950ರಲ್ಲಿ ಮೆಡಿಟರೇನಿಯನ್ ತೀರದಲ್ಲಿ ಆರಂಭವಾದ ಕ್ಲಬ್ ಮೆಡ್. ಅಲ್ಲಿ ದುಡ್ಡಿನ ಬದಲಿಗೆ ಕೊರಳ ಮಣಿಗಳನ್ನು ಬಳಸುವ ರೂಢಿ ಬೆಳೆಯಿತು. ಅದು ಸೊಂಪಾಗಿ ಬೇರೂರಿದ್ದು ಕೆರೆಬಿಯನ್ನಿನಲ್ಲಿ, ಅಲ್ಲಿ ಮಣಿಯ ಜಾಗಕ್ಕೆ ಕೈಪಟ್ಟಿ ಬಂತು. ಪಟ್ಟಿ ಕಟ್ಟಿಕೊಂಡವನು ಬೇಲಿಯ ಹೊರಗೆ ಒಂದು ಬಾಳೆಹಣ್ಣನ್ನೂ ಕೊಳ್ಳಬೇಕಾಗಿಲ್ಲ. ವಿಮಾನದಿಂದ ಬಸ್ಸಿಗೆ, ಬಸ್ಸಿನಿಂದ ಕೊಠಡಿಗೆ, ಕೊಠಡಿಯಿಂದ ಮರಳಿಗೆ. ಊರು ಎಂಬುದು ಬಸ್ಸಿನ ಕಿಟಕಿಯಲ್ಲಿ ಮುಕ್ಕಾಲು ಗಂಟೆ ಸರಿದುಹೋಗುವ ವಸ್ತು. ಜಮೈಕಾದಲ್ಲಿ ಇದಕ್ಕೆ ಕಾನೂನಿನ ಬಲವೂ ಇದೆ. ವಸಾಹತು ಆಳ್ವಿಕೆಯ ಕಾಲದ 1956ರ ಬೀಚ್ ಕಂಟ್ರೋಲ್ ಕಾಯಿದೆ ತೀರದ ಹಕ್ಕನ್ನು ಬ್ರಿಟಿಷ್ ಅರಸೊತ್ತಿಗೆಗೆ ಒಪ್ಪಿಸಿ, ವ್ಯಾಪಾರಕ್ಕೆ ಬೇಕಾದವರು ಲೈಸೆನ್ಸು ಪಡೆಯಬಹುದೆಂದಿತು. ಸಾಮಾನ್ಯ ಪ್ರಜೆಗೆ ಕಡಲಿಗೆ ಹೋಗುವ, ಈಜುವ ಹಕ್ಕನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ. 1962ರಲ್ಲಿ ದೇಶ ಸ್ವತಂತ್ರವಾಯಿತು, ಕಾಯಿದೆ ಉಳಿದುಕೊಂಡಿತು. ದ್ವೀಪದಲ್ಲಿ ಹುಟ್ಟಿದವರು ತಮ್ಮ ಸಮುದ್ರಕ್ಕೆ ದಾರಿ ಕೇಳಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದಿದೆ.

ಇದನ್ನು ಮೊದಲು ಹೇಳುತ್ತಿರುವವರು ನಾವಲ್ಲ. ಆಂಟಿಗುವಾದ ಜಮೈಕಾ ಕಿನ್ಕೇಡ್ 1988ರಲ್ಲಿ ಪ್ರಕಟಿಸಿದ ‘ಎ ಸ್ಮಾಲ್ ಪ್ಲೇಸ್’ ಎಂಬ ಪುಟ್ಟ ಪುಸ್ತಕ ಪ್ರವಾಸಿಯನ್ನೇ ‘ನೀವು’ ಎಂದು ಕರೆದು, ವಿಮಾನ ನಿಲ್ದಾಣದಿಂದ ಹೋಟೆಲಿನವರೆಗೆ ಕೈಹಿಡಿದು ನಡೆಸಿ, ಅವನು ಕೇಳದ ಪ್ರಶ್ನೆಗಳನ್ನು ಕೇಳುತ್ತದೆ. ನಿಮ್ಮ ಸ್ನಾನದ ಮನೆಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಅವುಗಳಲ್ಲೊಂದು. ಸೇಂಟ್ ಲೂಸಿಯಾದ ಡೆರೆಕ್ ವಾಲ್ಕಾಟ್ 1992ರ ನೊಬೆಲ್ ಉಪನ್ಯಾಸವನ್ನು ಆರಂಭಿಸಿದ್ದು ಟ್ರಿನಿಡಾಡಿನ ಫೆಲಿಸಿಟಿ ಎಂಬ ಹಳ್ಳಿಯ ರಾಮಲೀಲೆಯಿಂದ. ತಾನು ಅದನ್ನು ನಾಟಕವೆಂದು ನೋಡಲು ಹೋಗಿದ್ದೆ, ಆಡುತ್ತಿದ್ದವರಿಗೆ ಅದು ನಂಬಿಕೆಯಾಗಿತ್ತು ಎಂದು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಅದೇ ಉಪನ್ಯಾಸದಲ್ಲಿ ದ್ವೀಪಗಳನ್ನು ಜಾಹೀರಾತಿನ ನೀಲಿ ಹಾಳೆಯಾಗಿಸುವ ಪ್ರವಾಸೋದ್ಯಮದ ಮೇಲೆ ಸಿಟ್ಟೂ ಇದೆ. ಆ ರಾಮಲೀಲೆಯ ಮಕ್ಕಳ ಹಿರಿಯರು ಯಾರು? 1838ರಿಂದ 1917ರವರೆಗೆ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹಡಗು ಹತ್ತಿದ ಭಾರತೀಯರು. ಹೆಚ್ಚಿನವರು ಕಲ್ಕತ್ತೆಯಿಂದ ಹೋದರು. ಮದರಾಸಿನಿಂದ ಹೋದವರೂ ಇದ್ದರು. ಗಯಾನಾದಲ್ಲಿ ಇಂದಿಗೂ ಅವರ ಸಂತತಿಯನ್ನು ‘ಮದ್ರಾಸಿ’ ಎನ್ನುತ್ತಾರೆ, ಮಾರಿಯಮ್ಮನ ಪೂಜೆ ಅಲ್ಲಿ ನಿಂತಿಲ್ಲ. ನಾವು ಈಗ ಕುಳಿತು ಬರೆಯುತ್ತಿರುವ ಜಾಗದಿಂದ ಕೆಲವೇ ಮೈಲಿ ದೂರದ ಅಲೆಗಳನ್ನು ದಾಟಿ ಆ ಜನ ಹೋದರು. ಮಿತ್ರರು ಜಮೈಕಾದಲ್ಲಿ ಏಳು ದಿನವಿದ್ದರು. ಅಂಥವರ ಮೊಮ್ಮಕ್ಕಳು ಯಾರಾದರೂ ಸಿಕ್ಕಿದರೇ ಎಂದು ಕೇಳಿದೆವು. ತಟ್ಟೆ ಎತ್ತುವ ಹುಡುಗಿಯೊಬ್ಬಳ ಮುಖ ನಮ್ಮವರ ಹಾಗಿತ್ತಂತೆ; ವಿಚಾರಿಸಲು ಹೊತ್ತಾಗಲಿಲ್ಲವಂತೆ. ಕಾರಂತರು ‘ಅಬೂವಿನಿಂದ ಬರಾಮಕ್ಕೆ’ ಹೋದವರು, ಗೊರೂರರು ಅಮೆರಿಕಕ್ಕೆ ಹೋದವರು. ಹೋದಲ್ಲೆಲ್ಲ ಕಂಡವರನ್ನು ವಿಚಾರಿಸುವುದೇ ಅವರ ಪ್ರವಾಸವಾಗಿತ್ತು. ಕನ್ನಡದ ಪ್ರವಾಸ ಸಾಹಿತ್ಯ ನಕ್ಷತ್ರ ಎಣಿಸುವ ಮಟ್ಟಕ್ಕೆ ಇಳಿದರೆ ನಷ್ಟ ಜಮೈಕಾಕ್ಕಲ್ಲ.

ನಮ್ಮ ದೇಶದಲ್ಲಿ ಹಾಗಿಲ್ಲವಲ್ಲ ಎನ್ನುವವರಿದ್ದಾರೆ. ಕಾಗದದ ಮೇಲೆ ನಿಜ. 1991ರ ಫೆಬ್ರವರಿಯ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರುಗಳ ನೆಲವನ್ನು ನಿಯಂತ್ರಣಕ್ಕೆ ತಂದು, ಹಳ್ಳಿಗಾಡಿನ ತೀರದಲ್ಲಿ 200 ಮೀಟರಿನೊಳಗೆ ಹೊಸ ಕಟ್ಟಡ ಬೇಡವೆಂದಿತು. 2019ರ ಜನವರಿಯ ಅಧಿಸೂಚನೆ ಜನದಟ್ಟಣೆಯ ಹಳ್ಳಿಗಳಲ್ಲಿ ಆ 200ನ್ನು 50ಕ್ಕೆ ಇಳಿಸಿತು. ಜನ ಹೆಚ್ಚಿದ್ದಲ್ಲಿ ರಕ್ಷಣೆ ಕಡಿಮೆ ಎಂಬ ಈ ತರ್ಕ ನಮ್ಮ ಬುದ್ಧಿಗೆ ಎಟುಕಿಲ್ಲ. ಗೋವೆಯ ವೈಂಗಿಣಿ ತೀರದ ಹೋಟೆಲೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ, ಜನ ಕಡಲಿಗೆ ಹೋಗುವ ದಾರಿಯನ್ನು ಮುಚ್ಚುವಂತಿಲ್ಲ, ಅಂಥ ಸಂಪತ್ತು ಎಲ್ಲರ ಪರವಾಗಿ ಸರ್ಕಾರದ ಕೈಯಲ್ಲಿರುವ ನ್ಯಾಸ ಎಂದು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಇಲ್ಲಿ ಯಾರೂ ಸಮುದ್ರ ತಮ್ಮದೆನ್ನುವುದಿಲ್ಲ. ರಸ್ತೆಗೂ ಅಲೆಗೂ ನಡುವಣ ತೋಪು ಅವರದು, ಗೋಡೆ ಅವರದು, ಗೇಟು ಅವರದು. ಗೋಡೆಗೆ ಗೋಡೆ ಸೇರಿದರೆ ದಾರಿ ತಾನಾಗಿ ಇಲ್ಲವಾಗುತ್ತದೆ. ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಬಸ್ಸಿಳಿದು ಕಡಲಿಗೆ ದಾರಿ ಹುಡುಕಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಎದುರುವಾದಗಳಿವೆ. ಉದ್ಯೋಗ ಸಿಗುತ್ತದೆ ಎಂಬುದು ಮೊದಲನೆಯದು. ಸೀಟಿಯ ಉದ್ಯೋಗವನ್ನು ಕಂಡುಬಂದಿದ್ದೇವೆ, ಮುಂದೆ ಹೋಗೋಣ. ಎರಡನೆಯದು ನಮ್ಮನ್ನು ನಿಜವಾಗಿ ತಡೆದು ನಿಲ್ಲಿಸಿತು. ಬಳಗದ ಹೆಣ್ಣುಮಕ್ಕಳು ಹೇಳಿದರು: ಸಾರ್ವಜನಿಕ ತೀರದಲ್ಲಿ ನಾವು ಸೀರೆ ನೆನೆಸಿಕೊಂಡು ನೀರಿಗಿಳಿದರೆ ನೂರು ಕಣ್ಣು, ಹತ್ತು ಮೊಬೈಲು, ಬಟ್ಟೆ ಬದಲಿಸಲು ಜಾಗವಿಲ್ಲ, ಶೌಚಾಲಯವಿಲ್ಲ, ನಲವತ್ತು ವರ್ಷದಲ್ಲಿ ನಾನು ಸಮುದ್ರದಲ್ಲಿ ನಿಂತದ್ದು ಆ ರೆಸಾರ್ಟಿನಲ್ಲಿ ಮಾತ್ರ. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ಗಂಡಸರಾದ ನಾವು ಮರೀನಾದ ಮೇಲೆ ಬಿಡುಬೀಸಾಗಿ ನಡೆದು ಕಡಲು ಎಲ್ಲರದೆಂದು ಭಾಷಣ ಮಾಡುವುದು ಸುಲಭ. ಆದರೆ ನಗರಪಾಲಿಕೆ ಮಾಡದ ಕೆಲಸವನ್ನು ಗೋಡೆಯೊಳಗೆ ಬೆಲೆಗೆ ಕೊಂಡರೆ, ಹೊರಗಿನ ತೀರಕ್ಕಾಗಿ ಕೇಳುವ ಒಂದು ದನಿ ಕಡಿಮೆಯಾಗುತ್ತದೆ. ಸೀಟಿಯ ಸದ್ದಿಗೆ ಅಲೆಯೊಳಗೆ ಇಳಿದ ಆ ಹೆಂಗಸೂ ಹೆಂಗಸೇ.

ಇನ್ನು ಹೇಳಲೇಬೇಕಾದದ್ದು, ನಾವು ಮಣಲಿಯವರು. ಊರಿನ ಹೆಸರಿನಲ್ಲಿಯೇ ‘ಮಣಲ್’ ಕೇಳಿಸುತ್ತದೆ; ತಮಿಳಿಗೂ ಹಳಗನ್ನಡಕ್ಕೂ ಸಮಾನವಾದ ಪದವದು, ನಮ್ಮ ಇಂದಿನ ಮರಳು. ಕಡಲು ನಾಲ್ಕೈದು ಕಿಲೋಮೀಟರಿನಾಚೆ ಇದ್ದರೂ ನಮ್ಮ ಮಕ್ಕಳಿಗೆ ಗೊತ್ತಿರುವುದು ಚಿಮಣಿಯ ತುದಿಯ ಬೆಂಕಿ. ಇಲ್ಲಿಯ ತೈಲ ಸಂಸ್ಕರಣಾಗಾರ 1969ರಿಂದ ನಡೆಯುತ್ತಿದೆ. ಅದರ ಬೆನ್ನಿಗೆ ಗೊಬ್ಬರ, ರಾಸಾಯನಿಕಗಳ ಕಾರ್ಖಾನೆಗಳು ಬಂದವು. ನಮ್ಮಲ್ಲಿ ಬಹುಮಂದಿಯ ಮನೆ ಎದ್ದದ್ದು, ಮಕ್ಕಳು ಓದಿದ್ದು ಆ ಸಂಬಳದಿಂದ. 2017ರ ಜನವರಿಯಲ್ಲಿ ಎಣ್ಣೂರಿನ ಬಂದರಿನಾಚೆ ಎರಡು ಹಡಗುಗಳು ಢಿಕ್ಕಿಯಾಗಿ ತೀರದುದ್ದಕ್ಕೂ ಎಣ್ಣೆ ಹರಡಿದಾಗ ಅದನ್ನು ಜನ ಬಕೆಟ್ಟಿನಲ್ಲಿ ಬಾಚಿದರು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಪ್ರವಾಹದಲ್ಲಿ ಎಣ್ಣೆ ಬಂದದ್ದು ಸಮುದ್ರದಿಂದಲ್ಲ, ನಮ್ಮ ಮಣಲಿಯಿಂದಲೇ: ಬಕಿಂಗ್‌ಹ್ಯಾಂ ಕಾಲುವೆ ಹಿಡಿದು ಕೊಸಸ್ತಲೈಯಾರಿಗೆ, ಅಲ್ಲಿಂದ ಎಣ್ಣೂರಿನ ಅಳಿವೆಗೆ. ಬೆಸ್ತರು ಮತ್ತೆ ಕೈಯಿಂದಲೇ ಬಾಚಿದರು. ದೋಣಿ, ಬಲೆ, ಕಾಂಡ್ಲಾದ ಬೇರು ಎಲ್ಲವೂ ಕಪ್ಪು. ಅದೇ ಎಣ್ಣೂರು ಕಂಪನಿ ಕಾಲದ ಮದರಾಸಿನ ದೊರೆಗಳಿಗೆ ಗಾಳಿ ಸೇವನೆಯ ನೆಚ್ಚಿನ ತಾಣವಾಗಿತ್ತೆಂದರೆ ಇಂದು ಯಾರೂ ನಂಬುವುದಿಲ್ಲ. ವಿಹಾರ ದಕ್ಷಿಣಕ್ಕೆ ಸರಿಯಿತು, ಹೊಗೆ ಉತ್ತರದಲ್ಲಿ ನಿಂತಿತು. ಬೂದಿಯ ಕೊಳವೆಗಳ ಮಧ್ಯೆ ನಿಂತು ಟಿ.ಎಂ. ಕೃಷ್ಣ ‘ಪೊರಂಬೋಕು’ ಹಾಡಿದ್ದು 2017ರಲ್ಲಿ. ನಾವು ಅದನ್ನು ಮೊಬೈಲಿನಲ್ಲಿ ನೋಡಿ ಮೆಚ್ಚಿದೆವು, ಸ್ಥಳ ನಮ್ಮ ಮನೆಯಿಂದ ಒಂದು ಬಸ್ಸಿನ ದೂರವೆಂದು ಹೊಳೆದದ್ದು ಆಮೇಲೆ.

ಒಂದು ಕಡಲನ್ನು ಕೆಡಿಸಿದ ಸಂಬಳದಲ್ಲಿ ಇನ್ನೊಂದು ಕಡಲಿನ ಒಂದು ದಿನವನ್ನು ಕೊಳ್ಳಹೊರಟಿದ್ದೇವೆ ಎಂಬುದೇ ನಮ್ಮ ತಕರಾರು. ಇದು ಮಿತ್ರರೊಬ್ಬರ ಮೇಲಿನ ಆರೋಪವಲ್ಲ. ಐದು ನಕ್ಷತ್ರ ಕೊಟ್ಟವರು ನಮ್ಮಲ್ಲಿಯೂ ಇದ್ದಾರೆಂದು ಮೇಲೆಯೇ ಹೇಳಿದ್ದೇವೆ.

ನಮ್ಮ ಬದಲಿ ಸೂಚನೆ ಇಷ್ಟು. ಕೂಟ ಎಂದಿನ ಕಲ್ಯಾಣ ಮಂಟಪದಲ್ಲಿಯೇ ನಡೆಯಲಿ. ಬೆಳಗ್ಗೆ ಏಳಕ್ಕೆ ಎರಡು ಬಸ್ಸು ಮಾಡಿಕೊಂಡು ಎಣ್ಣೂರಿನ ಅಳಿವೆಗೆ ಹೋಗೋಣ. ಅಲ್ಲಿಯ ಕುಪ್ಪದ ಹಿರಿಯರೊಬ್ಬರು ನಮ್ಮೊಡನೆ ಮಾತಾಡಲು ಒಪ್ಪಿದ್ದಾರೆ. ಸಾಹಿತಿಗಳಿಗೆ ಕೊಡುವ ಗೌರವಧನ, ಶಾಲು ಅವರಿಗೂ ಸಲ್ಲಬೇಕು. ತಮಿಳಿನಲ್ಲಿ ಹೇಳುತ್ತಾರೆ, ನಮ್ಮಲ್ಲಿ ಯಾರಿಗೂ ಅನುವಾದದ ಅಗತ್ಯವಿಲ್ಲ. ಹೆಣ್ಣುಮಕ್ಕಳಿಗಾಗಿ ಅಲ್ಲಿಯ ಎರಡು ಮನೆಯವರು ಕೊಠಡಿ ಬಿಟ್ಟುಕೊಡುತ್ತೇವೆಂದಿದ್ದಾರೆ. ಹಣದ ಮಾತೆತ್ತಿದ್ದಕ್ಕೆ ಒಬ್ಬಾಕೆ ಬೇಸರಿಸಿಕೊಂಡರು. ನೀರಿಗೆ ಇಳಿಯಬಹುದೇ ಎಂದು ಕೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ದಿನ ನೀರು ಹೇಗಿದೆಯೆಂದು ನೋಡಿಕೊಂಡು ಹೇಳುತ್ತೇನೆ ಎಂದರು. ಚಪ್ಪಲಿ ಹಳೆಯದಿರಲಿ. ಬುತ್ತಿಗೆ ಚಿತ್ರಾನ್ನ, ಮೊಸರನ್ನ ಸಾಕು. ಎಣಿಕೆಗೆ ಆ ಮನೆಗಳವರನ್ನೂ ಸೇರಿಸಿ, ಹೆಸರುಗಳನ್ನು ಬರುವ ಭಾನುವಾರದೊಳಗೆ ಕಾರ್ಯದರ್ಶಿಗೆ ತಿಳಿಸಿ.